ಅಂಚಿನ ಬರಹ: 'ವೊಲ್ಟರ್ನೋ' ರಕ್ಷಣಾಪದಕವನ್ನು ಕುರಿತು

೧

ಕಾವ್ಯ, ನಾಟಕ, ಶಿಲ್ಪ, ಚಿತ್ರ ಇವುಗಳನ್ನು ವಿಮರ್ಶೆಯ ಒರೆಗೆ ಹಚ್ಚುವುದು ವಾಡಿಕೆ. ಪದಕ, ಬಟ್ಟಲು, ಫಲಕ ಮೊದಲಾದ ಸ್ಮಾರಕವಸ್ತುಗಳಿಗೆ ಆ ಮನ್ನಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಸಂಗ್ರಹಕಾರರು ಅವನ್ನು ತೂಗಿ ಬೆಲೆ ಕಟ್ಟುತ್ತಾರೆ; ಇತಿಹಾಸಕಾರರು ತಾರೀಖಿಗಾಗಿ ಒಮ್ಮೆ ನೋಡಿ ಪಕ್ಕಕ್ಕಿಡುತ್ತಾರೆ. ಆದರೆ ಸ್ಮಾರಕವೂ ಒಂದು ರಚನೆಯೇ. ನಡೆದುಹೋದ ಸಂಗತಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಅದರಲ್ಲಿಯೂ ಉಂಟು. ಆಯ್ಕೆಯಿರುವಲ್ಲಿ ವಿಮರ್ಶೆಗೆ ಎಡೆಯುಂಟು.

೧೯೧೩ರ ಅಕ್ಟೋಬರಿನಲ್ಲಿ 'ವೊಲ್ಟರ್ನೋ' ಎಂಬ ಹಡಗು ಅಟ್ಲಾಂಟಿಕ್ ಸಾಗರದ ನಡುವೆ ಹೊತ್ತಿ ಉರಿಯಿತು. ಅದರಲ್ಲಿದ್ದವರನ್ನು ಕಾಪಾಡಿದ ನಾವಿಕರಿಗೆ ಬ್ರಿಟಿಷ್ ಸರ್ಕಾರ ಪದಕಗಳನ್ನು ಕೊಟ್ಟಿತು. ಆ ಪದಕವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ನಮ್ಮ ಪ್ರಶ್ನೆ ಸರಳವಾದದ್ದು. ಉರಿಯುವ ಹಡಗಿನಿಂದ ಜನರನ್ನು ಎತ್ತಿ ತಂದುದಕ್ಕಾಗಿ ಕೊಟ್ಟ ಈ ಪದಕದ ಮುಖದ ಮೇಲೆ ಉರಿಯ ಸುಳಿವೇ ಇಲ್ಲ. ಇದನ್ನು ಕಲ್ಪನೆಯ ದಾರಿದ್ರ್ಯವೆನ್ನಬೇಕೆ, ಅಥವಾ ಇದಕ್ಕೆ ಬೇರೊಂದು ಸಮರ್ಥನೆ ಉಂಟೆ? ಹಾಗಾದರೆ ಆ ರಾತ್ರಿಯ ನೆನಪು ಪದಕದಲ್ಲಿ ಎಲ್ಲಿದೆ? ಇದಕ್ಕೆ ಉತ್ತರ ಹುಡುಕುವ ಮೊದಲು ನಡೆದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ.

೨

'ವೊಲ್ಟರ್ನೋ' ೧೯೦೬ರಲ್ಲಿ ಕಟ್ಟಿದ ಬ್ರಿಟಿಷ್ ಹಡಗು. ೧೯೧೩ರ ಅಕ್ಟೋಬರ್ ೨ರಂದು ಅದು ರಾಟರ್‌ಡ್ಯಾಮ್ ಬಂದರಿನಿಂದ ಅಮೆರಿಕದ ಕಡೆಗೆ ಹೊರಟಿತು. ಅದರಲ್ಲಿ ಇದ್ದವರು ಸುಮಾರು ೬೫೦ ಮಂದಿ. ಪ್ರಯಾಣಿಕರಲ್ಲಿ ಬಹುಪಾಲು ಜನ ಪೂರ್ವ ಯೂರೋಪಿನಿಂದ ವಲಸೆ ಹೊರಟ ಬಡವರು. ಅಕ್ಟೋಬರ್ ೯ರ ಬೆಳಿಗ್ಗೆ ಹಡಗಿನ ಮುಂಭಾಗದ ಸರಕಿನ ಕೋಣೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಹೊರಗೆ ಬಿರುಗಾಳಿ, ಒಳಗೆ ಉರಿ. ನಿಸ್ತಂತು ಯಂತ್ರದ ಮೂಲಕ ಸಹಾಯದ ಕರೆ ಹೊರಟಿತು. 'ಟೈಟಾನಿಕ್' ಮುಳುಗಿ ಆಗ ಒಂದೂವರೆ ವರ್ಷ ಮಾತ್ರ ಕಳೆದಿತ್ತು. ಇಂತಹ ಕರೆಯ ಅರ್ಥ ಎಲ್ಲ ಹಡಗುಗಳಿಗೂ ಚೆನ್ನಾಗಿ ತಿಳಿದಿತ್ತು.

ಕಪ್ತಾನ ಇಂಚ್ ಮೊದಲಿಗೆ ತನ್ನ ಹಡಗಿನ ದೋಣಿಗಳನ್ನೇ ಇಳಿಸಿದನು. ಇದರಿಂದ ದೊಡ್ಡ ಅನರ್ಥವಾಯಿತು. ಕೆಲವು ದೋಣಿಗಳು ಹಡಗಿನ ಪಕ್ಕಕ್ಕೆ ಬಡಿದು ಒಡೆದವು. ಕೆಲವು ದೂರ ಸರಿದು ಮತ್ತೆ ಕಾಣಿಸಲಿಲ್ಲ. ಆ ದುರಂತದಲ್ಲಿ ಸತ್ತ ೧೩೦ಕ್ಕೂ ಹೆಚ್ಚು ಜನರಲ್ಲಿ ಬಹುಮಂದಿ ಹೀಗೆ ನೀರಿನ ಪಾಲಾದವರು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಮಧ್ಯಾಹ್ನದ ಹೊತ್ತಿಗೆ 'ಕಾರ್ಮೇನಿಯಾ' ಎಂಬ ಬ್ರಿಟಿಷ್ ಹಡಗು ಮೊದಲು ಬಂದಿತು. ಅದರ ಕಪ್ತಾನ ಬಾರ್ ಒಂದು ದೋಣಿಯನ್ನು ಕಳುಹಿಸಿದನು. ಅಲೆಗಳೊಡನೆ ಬಹಳ ಹೊತ್ತು ಹೋರಾಡಿ ಅದು ಬರಿಗೈಯಲ್ಲಿ ಹಿಂದಿರುಗಿತು. ಒಂದೊಂದಾಗಿ ಇತರ ಹಡಗುಗಳೂ ಬಂದು ಸೇರಿದವು. ಜರ್ಮನಿಯ 'ಗ್ರೋಸರ್ ಕುರ್‌ಫ್ಯೂರ್ಸ್ಟ್' ಮತ್ತು 'ಝೈಡ್ಲಿಟ್ಸ್', ಫ್ರಾನ್ಸಿನ 'ಲಾ ತೂರೇನ್', ರಷ್ಯದ 'ಜಾರ್', ಅಮೆರಿಕದ 'ಕ್ರೂನ್‌ಲ್ಯಾಂಡ್', ಬ್ರಿಟಿಷರ 'ಮಿನಿಯಾಪೊಲಿಸ್', 'ರಾಪಹ್ಯಾನಕ್', 'ಡೆವೋನಿಯನ್' ಮುಂತಾದವು. ಕೊನೆಗೆ ಎಲ್ಲ ಸೇರಿ ಹನ್ನೊಂದು. ಇಷ್ಟು ಹಡಗುಗಳು ಸುತ್ತ ನಿಂತಿದ್ದರೂ ಉರಿಯುವ ಹಡಗಿನ ಹಿಂಭಾಗದಲ್ಲಿ ಒತ್ತೊತ್ತಾಗಿ ನಿಂತ ಜನರ ಬಳಿಗೆ ಹೋಗುವುದು ಸಾಧ್ಯವಾಗಲಿಲ್ಲ. ರಾತ್ರಿ ಸುಮಾರು ಒಂಬತ್ತು ಗಂಟೆಗೆ ಒಳಗೆ ಸ್ಫೋಟವಾಯಿತು. ಆಗ ಕೆಲವು ನಾವಿಕರು ಪ್ರಾಣದ ಹಂಗು ತೊರೆದು ದೋಣಿಗಳಲ್ಲಿ ಹೋಗಿ, ಸಮುದ್ರಕ್ಕೆ ಹಾರಿದವರಲ್ಲಿ ಸಿಕ್ಕವರನ್ನು ಎತ್ತಿಕೊಂಡರು. ೧೦ರ ಬೆಳಿಗ್ಗೆ 'ನ್ಯಾರಗ್ಯಾನ್ಸೆಟ್' ಎಂಬ ಎಣ್ಣೆಹಡಗು ಬಂದು ನೀರಿನ ಮೇಲೆ ಎಣ್ಣೆಯನ್ನು ಹರಿಯಬಿಟ್ಟಿತು. ಅಲೆಗಳ ಅಬ್ಬರ ತಗ್ಗಿತು. ದೋಣಿಗಳು ಸಾಲುಗಟ್ಟಿ ಹೋಗಿ ಉಳಿದವರನ್ನು ತಂದವು. ಕಪ್ತಾನ ಇಂಚ್ ಕೊನೆಯವನಾಗಿ ಹಡಗನ್ನು ಬಿಟ್ಟನು. ಒಟ್ಟು ೫೨೦ಕ್ಕೂ ಹೆಚ್ಚು ಜನ ಬದುಕಿದರು.

೩

ಇನ್ನು ಪದಕದ ವಿಚಾರ. ಸಮುದ್ರದಲ್ಲಿ ಪ್ರಾಣ ಉಳಿಸಿದವರಿಗೆ ಬ್ರಿಟನ್ನಿನ ಬೋರ್ಡ್ ಆಫ್ ಟ್ರೇಡ್ ಎಂಬ ವಾಣಿಜ್ಯ ಮಂಡಳಿಯು ಕೊಡುತ್ತಿದ್ದ ಶೌರ್ಯಪದಕಕ್ಕೆ ೧೮೫೪ರ ವಾಣಿಜ್ಯ ನೌಕಾಶಾಸನ ಮೂಲ. ಮೊದಲು ಅದು ಮೇಜಿನ ಮೇಲಿಡುವ ದೊಡ್ಡ ಬಿಲ್ಲೆಯಾಗಿತ್ತು. ೧೯೦೪ರ ವೇಳೆಗೆ ಎದೆಯ ಮೇಲೆ ಧರಿಸಬಹುದಾದ, ಅಡ್ಡಳತೆ ಸುಮಾರು ಒಂದೂಕಾಲು ಅಂಗುಲದ ಪದಕವಾಯಿತು. ಬೆಳ್ಳಿ, ಕಂಚು ಎಂದು ಅದರಲ್ಲಿ ಎರಡು ತರಗತಿ. ಇದರ ಜೊತೆಗೆ, ಬ್ರಿಟಿಷ್ ಹಡಗಿನ ಜನರನ್ನು ಕಾಪಾಡಿದ ಅನ್ಯದೇಶೀಯರಿಗೆ ಕೊಡತಕ್ಕ ಇನ್ನೊಂದು ಪದಕವೂ ಇತ್ತು. 'ವೊಲ್ಟರ್ನೋ' ರಕ್ಷಣೆಗಾಗಿ ಜರ್ಮನ್, ಫ್ರೆಂಚ್, ರಷ್ಯನ್, ಅಮೆರಿಕನ್ ಹಡಗುಗಳ ನಾವಿಕರಿಗೆ ಸಂದದ್ದು ಈ ಎರಡನೆಯದು.

ಪದಕದ ಮುಂಬದಿಯಲ್ಲಿ ಆಗಿನ ದೊರೆ ಐದನೆಯ ಜಾರ್ಜನ ತಲೆ. ಬ್ರಿಟಿಷ್ ನಾವಿಕರಿಗೆ ಕೊಟ್ಟದ್ದರ ಹಿಂಬದಿಯಲ್ಲಿ ಒಂದು ಚಿತ್ರ. ಅಲೆಗಳ ನಡುವೆ ಮುರಿದ ನಾವೆಯ ಅವಶೇಷ. ಅದರ ಮೇಲೆ ದಿಕ್ಕುಗೆಟ್ಟ ಕೆಲವರು, ಅವರ ನಡುವೆ ತಾಯಿ ಮತ್ತು ಮಗು. ಒಬ್ಬನು ಕೈಯೆತ್ತಿ ದೂರದಲ್ಲಿ ಬರುತ್ತಿರುವ ದೋಣಿಯನ್ನು ಕರೆಯುತ್ತಿದ್ದಾನೆ. ರಚನೆ ಅಚ್ಚುಕಟ್ಟಾಗಿದೆ. ಎತ್ತಿದ ಕೈ, ಬಾಗಿದ ತಾಯಿ, ದೂರದ ದೋಣಿ, ಈ ಮೂರರ ನಡುವೆ ನೋಡುವವನ ಕಣ್ಣು ತಾನಾಗಿ ಚಲಿಸುತ್ತದೆ. ಆದರೆ ಈ ಚಿತ್ರ 'ವೊಲ್ಟರ್ನೋ'ವಿನದಲ್ಲ. ಯಾವ ಹಡಗಿನದೂ ಅಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಮ್ಮೆ ಕೆತ್ತಿದ ಅಚ್ಚು ಬಂಡೆಗೆ ಬಡಿದು ಒಡೆದ ಹಡಗಿಗೂ ಬಿರುಗಾಳಿಯಲ್ಲಿ ಮುಳುಗಿದ ಹಡಗಿಗೂ ಬೆಂಕಿಗೆ ತುತ್ತಾದ ಹಡಗಿಗೂ ಒಂದೇ ಸಮನಾಗಿ ಬಳಕೆಯಾಯಿತು. ವಿದೇಶೀಯರಿಗೆ ಕೊಟ್ಟ ಪದಕದಲ್ಲಿಯೂ ಬೆಂಕಿಯ ಚಿತ್ರವಿಲ್ಲ.

ಈ ಅಭಾವ ಆಕಸ್ಮಿಕವಲ್ಲ. ಸಮುದ್ರರಕ್ಷಣೆಯ ಚಿತ್ರಭಾಷೆಯನ್ನು ರೂಪಿಸಿದ್ದು ನೀರು. ೧೮೨೪ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಗಾಗಿ ವಿಲಿಯಂ ವಯನ್ ಎಂಬ ಪ್ರಸಿದ್ಧ ಪದಕಶಿಲ್ಪಿ ಮಾಡಿದ ಪದಕದಲ್ಲಿ, ದೋಣಿಯಲ್ಲಿರುವ ಮೂವರು ನೀರಿನಲ್ಲಿರುವ ನಾಲ್ಕನೆಯವನನ್ನು ಮೇಲಕ್ಕೆಳೆಯುತ್ತಿದ್ದಾರೆ. ಅದರ ಸುತ್ತ ಕೊರೆದಿರುವುದು ಆಳವಾದ ನೀರಿನ ಭಯವನ್ನು ಹೇಳುವ ಬೈಬಲ್ ಕೀರ್ತನೆಯೊಂದರ ಪ್ರಾರ್ಥನೆ. ಅಂದಿನಿಂದ ನೀರು ಶತ್ರು, ದೋಣಿ ಮಿತ್ರ ಎಂಬ ಕಲ್ಪನೆ ಈ ಕಲೆಯಲ್ಲಿ ಬೇರೂರಿತು. ಇದರಲ್ಲಿ ಬೆಂಕಿಗೆ ಸ್ಥಳವೇ ಇರಲಿಲ್ಲ.

ಮಾಧ್ಯಮದ ಮಿತಿಯೂ ಇಲ್ಲಿ ಗಮನಾರ್ಹ. ಪದಕಶಿಲ್ಪ ಗೆರೆ ಮತ್ತು ಉಬ್ಬುಗಳ ಕಲೆ. ಬೆಂಕಿಗೆ ಗೆರೆಯಿಲ್ಲ, ಅದರ ಬಾಳು ಬಣ್ಣದಲ್ಲಿ ಮತ್ತು ಚಲನೆಯಲ್ಲಿ. ಒಂದೇ ಬಣ್ಣದ ಲೋಹದಲ್ಲಿ ಜ್ವಾಲೆಯನ್ನು ಕೆತ್ತಿದರೆ ಅದು ಅಲೆಯಂತೆಯೋ ಎಲೆಯಂತೆಯೋ ಕಾಣುವ ಅಪಾಯವುಂಟು. ವರ್ಣಚಿತ್ರಕಾರನಿಗೆ ಈ ತೊಡಕಿಲ್ಲ. ೧೮೨೫ರಲ್ಲಿ ಬಿಸ್ಕೇ ಕೊಲ್ಲಿಯಲ್ಲಿ ಉರಿದ 'ಕೆಂಟ್' ಹಡಗನ್ನು ಫ್ರೆಂಚ್ ಕಲಾವಿದ ತೆಯೊದೋರ್ ಗ್ಯುದಾನ್ ಎರಡೇ ವರ್ಷಗಳಲ್ಲಿ ದೊಡ್ಡ ಚಿತ್ರವಾಗಿ ಬರೆದನು. 'ವೊಲ್ಟರ್ನೋ' ಉರಿಯುತ್ತಿದ್ದುದನ್ನು 'ಕಾರ್ಮೇನಿಯಾ'ದ ಮೇಲಿಂದ ಛಾಯಾಚಿತ್ರಗಳಲ್ಲಿ ಹಿಡಿಯಲಾಯಿತು. ಕುಂಚಕ್ಕೂ ಮಸೂರಕ್ಕೂ ಒದಗಿದ ಬೆಂಕಿ ಅಚ್ಚಿಗೆ ಒದಗಲಿಲ್ಲ.

೪

ಇಲ್ಲಿ ಒಂದು ಆಕ್ಷೇಪ ಬರಬಹುದು. 'ವೊಲ್ಟರ್ನೋ'ವಿನ ಬಹುಪಾಲು ಜನ ಸತ್ತದ್ದು ನೀರಿನಲ್ಲಿ ಎಂದು ಮೇಲೆ ಹೇಳಿದೆಯಷ್ಟೆ. ಹಾಗಾದರೆ ಅಲೆಗಳನ್ನೂ ದೋಣಿಯನ್ನೂ ತೋರುವ ಚಿತ್ರ ಅಸಂಗತವಾಗುವುದೆಂತು? ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಆ ರಾತ್ರಿಯ ಘೋರತೆ ನೀರೊಂದರಲ್ಲಿ ಇರಲಿಲ್ಲ, ಬೆಂಕಿಯೊಂದರಲ್ಲಿಯೂ ಇರಲಿಲ್ಲ. ಎರಡರ ನಡುವೆ ಮನುಷ್ಯನು ಸಿಕ್ಕಿಬಿದ್ದುದರಲ್ಲಿ ಇತ್ತು. ಹಡಗಿನಲ್ಲಿಯೇ ನಿಂತರೆ ಉರಿ ಹತ್ತಿರ ಬರುತ್ತದೆ. ದೋಣಿಗೆ ಇಳಿದರೆ ಕಡಲು ನುಂಗುತ್ತದೆ. ರಕ್ಷಕರ ಪಾಡೂ ಹೀಗೆಯೇ. ತಡಮಾಡಿದರೆ ಬೆಂಕಿ, ಆತುರಪಟ್ಟರೆ ತಮ್ಮ ದೋಣಿಗಳಿಗೇ ನಾಶ. ಹಲವು ಹಡಗುಗಳು ಕಣ್ಣೆದುರಿನಲ್ಲಿ ನಿಂತು ಕಾಯಬೇಕಾಗಿ ಬಂದದ್ದು ಈ ಕಾರಣದಿಂದ. ಪದಕದ ಚಿತ್ರ ಈ ಸಂದಿಗ್ಧದ ಒಂದು ಪಕ್ಕವನ್ನು ಮಾತ್ರ ತೋರಿಸುತ್ತದೆ. ಅದರಲ್ಲಿ ದೋಣಿ ಬರುತ್ತಿದೆ. ಇನ್ನೇನು ಕಷ್ಟ ಕಳೆಯಿತು ಎನ್ನುವಂತಿದೆ. ಅಲ್ಲಿ ಕಾಯುವಿಕೆಯೇ ಇಲ್ಲ.

ಕಾಯುವಿಕೆಗೆ ರೂಪವಿಲ್ಲದಿದ್ದುದರಿಂದ ಒಂದು ಅನ್ಯಾಯವೂ ಆಯಿತೆಂದು ನಮಗೆ ತೋರುತ್ತದೆ. 'ಗ್ರೋಸರ್ ಕುರ್‌ಫ್ಯೂರ್ಸ್ಟ್' ಮತ್ತು 'ಜಾರ್' ಹಡಗುಗಳು ತಲಾ ನೂರಕ್ಕೂ ಹೆಚ್ಚು ಜನರನ್ನು ತಂದವು. 'ಕ್ರೂನ್‌ಲ್ಯಾಂಡ್' ಸುಮಾರು ೯೦ ಜನರನ್ನು ತಂದಿತು, ಅದರ ಕಪ್ತಾನನನ್ನೂ ನಾವಿಕರನ್ನೂ ಅಮೆರಿಕದ ಕಾಂಗ್ರೆಸ್ಸು ೧೯೧೪ರ ಮಾರ್ಚಿಯಲ್ಲಿ ಸನ್ಮಾನಿಸಿತು. ಎಲ್ಲರಿಗಿಂತ ಮೊದಲು ಬಂದ 'ಕಾರ್ಮೇನಿಯಾ' ಉಳಿಸಿದ್ದು ಒಬ್ಬನನ್ನು ಮಾತ್ರ. ಅವನು ತಾನೇ ಸಮುದ್ರಕ್ಕೆ ಹಾರಿ ಈಜಿ ಬಂದವನು. ಲೆಕ್ಕದ ದೃಷ್ಟಿಯಿಂದ ಇದು ಅತ್ಯಲ್ಪ. ಕಪ್ತಾನ ಬಾರ್ ಇನ್ನೂ ಹೆಚ್ಚು ಮಾಡಬಹುದಾಗಿತ್ತೆಂಬ ಟೀಕೆಯೂ ಕೇಳಿಬಂದಿತು. ಆದರೆ ಆ ಮಹಾನೌಕೆ ಉರಿಯುವ ಹಡಗಿಗೆ ಅಪಾಯಕರವಾದಷ್ಟು ಸಮೀಪಕ್ಕೆ ಹೋಯಿತು. ರಾತ್ರಿ ಶೋಧದೀಪವನ್ನು ಬೆಳಗಿಸಿತು. ಇತರ ಹಡಗುಗಳಿಗೆ ಸುದ್ದಿ ಕೊಡುತ್ತ ಕಾವಲು ನಿಂತಿತು. ಈ ಸೇವೆಯನ್ನು ಎಣಿಸುವುದು ಹೇಗೆ? ಎತ್ತಿದ ಕೈ ಮತ್ತು ಬರುವ ದೋಣಿ ಇಷ್ಟನ್ನೇ ಬಲ್ಲ ಚಿತ್ರಭಾಷೆಗೆ ಇದು ನಿಲುಕದು.

೫

ಇದಕ್ಕಿಂತ ಭಿನ್ನವಾದ ಮಾರ್ಗವಿತ್ತೆ ಎಂಬುದನ್ನು ಎರಡು ನಿದರ್ಶನಗಳಿಂದ ನೋಡಬಹುದು. ಮೊದಲನೆಯದು 'ಟೈಟಾನಿಕ್' ಹಡಗಿನಿಂದ ಬದುಕಿ ಬಂದವರು 'ಕಾರ್ಪೇಥಿಯಾ' ಹಡಗಿನವರಿಗೆ ಕೊಟ್ಟ ಪದಕ. ೧೯೧೨ರ ಮೇ ತಿಂಗಳಲ್ಲಿ ಕಪ್ತಾನ ರಾಸ್ಟ್ರನ್‌ಗೆ ಬೆಳ್ಳಿಯ ಬಟ್ಟಲೊಂದನ್ನೂ ಹಡಗಿನವರಿಗೆ ಸುಮಾರು ೩೨೦ ಪದಕಗಳನ್ನೂ ಅರ್ಪಿಸಲಾಯಿತು. ನ್ಯೂಯಾರ್ಕಿನಲ್ಲಿ ತಯಾರಾದ ಈ ಪದಕ ಆ ಒಂದು ಘಟನೆಗಾಗಿಯೇ ರಚಿತವಾದದ್ದು. ಹಿಮಗಡ್ಡೆಗಳ ನಡುವೆ 'ಕಾರ್ಪೇಥಿಯಾ' ಸಾಗಿಬರುತ್ತಿದೆ. ಮೇಲೆ ಸಮುದ್ರದೇವತೆ ನೆಪ್ಚೂನನ ಮುಖ. ಹಿಂಬದಿಯಲ್ಲಿ ಕೊಟ್ಟವರಾರು, ಪಡೆದವರಾರು, ಯಾವ ದಿನ ಎಂಬ ವಿವರಗಳೆಲ್ಲ ಇವೆ. ಘಟನೆಯ ವಿಶಿಷ್ಟತೆ ಇಲ್ಲಿ ಪದಕದ ಮುಖವನ್ನೇ ಆವರಿಸಿದೆ. ಇದಕ್ಕಿಂತ ಮುಖ್ಯವಾದದ್ದು ದಾತೃಗಳ ಗುರುತು. ಕೊಟ್ಟವರು ಬದುಕಿದವರೇ.

'ವೊಲ್ಟರ್ನೋ'ವಿನವರು ಹೀಗೆ ಮಾಡುವುದು ಸುಲಭವಾಗಿರಲಿಲ್ಲ. 'ಟೈಟಾನಿಕ್'ನಿಂದ ಉಳಿದ ೭೦೦ಕ್ಕೂ ಹೆಚ್ಚು ಜನ ಒಂದೇ ಹಡಗಿನಲ್ಲಿ ಒಂದೇ ಬಂದರಿಗೆ ಬಂದರು, ಅವರಲ್ಲಿ ಸಿರಿವಂತರಿದ್ದರು, ಹಡಗಿನ ಮೇಲೆಯೇ ಒಂದು ಸಮಿತಿ ರಚಿತವಾಯಿತು. 'ವೊಲ್ಟರ್ನೋ'ವಿನವರಾದರೋ ಹತ್ತು ಹಡಗುಗಳಲ್ಲಿ ಹಂಚಿಹೋಗಿ ನ್ಯೂಯಾರ್ಕ್, ಫಿಲಡೆಲ್ಫಿಯಾ, ಹ್ಯಾಲಿಫ್ಯಾಕ್ಸ್, ಲಿವರ್‌ಪೂಲ್, ಲ ಹಾವ್ರ್, ರಾಟರ್‌ಡ್ಯಾಮ್ ಮೊದಲಾದ ಬಂದರುಗಳನ್ನು ಸೇರಿದರು. ಗಂಡ ಒಂದು ಖಂಡದಲ್ಲಿ, ಹೆಂಡತಿ ಮಕ್ಕಳು ಇನ್ನೊಂದರಲ್ಲಿ ಇಳಿಯುವ ಸಂದರ್ಭ ಒದಗಿತು. ಇದ್ದ ಗಂಟುಮೂಟೆ ಬೆಂಕಿಗೆ ಹೋಗಿತ್ತು. ಇಂತಹವರು ಒಂದುಗೂಡಿ, ಹಣ ಸೇರಿಸಿ, ಶಿಲ್ಪಿಯನ್ನು ಹುಡುಕಿ ಪದಕ ಮಾಡಿಸುವುದು ಎಲ್ಲಿ ಬಂತು? ಅವರ ಪರವಾಗಿ ಋಣ ತೀರಿಸುವ ಹೊಣೆಯನ್ನು ಹಡಗಿನ ಧ್ವಜದ ಒಡೆತನವಿದ್ದ ಸರ್ಕಾರ ಹೊತ್ತಿತು. ಸರ್ಕಾರದ ಬಳಿ ಸಿದ್ಧವಾದ ಅಚ್ಚು ಇತ್ತು. ಆದುದರಿಂದ ಪದಕದ ಮುಖದಲ್ಲಿ ಬದುಕಿದವರ ಧ್ವನಿಯಿಲ್ಲದಿರುವುದಕ್ಕೆ ಶಿಲ್ಪಿ ಮಾತ್ರ ಹೊಣೆಯಲ್ಲ. ಬಡತನವೂ ಚದುರಿಕೆಯೂ ಕಾರಣ.

ಎರಡನೆಯ ನಿದರ್ಶನ ಮೇಲೆ ಹೇಳಿದ 'ಕೆಂಟ್' ಹಡಗಿನದು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಈ ಹಡಗು ಸೈನಿಕರನ್ನೂ ಅವರ ಸಂಸಾರಗಳನ್ನೂ ಹೊತ್ತು ಬಂಗಾಳದ ಕಡೆಗೆ ಹೊರಟಿತ್ತು. ೧೮೨೫ರ ಮಾರ್ಚ್ ೧ರಂದು ಬಿರುಗಾಳಿಯಲ್ಲಿ ಅದಕ್ಕೆ ಬೆಂಕಿ ಹತ್ತಿತು. 'ಕೇಂಬ್ರಿಯ' ಎಂಬ ಪುಟ್ಟ ಹಡಗು ಸುಮಾರು ೫೫೦ ಜನರನ್ನು ಕಾಪಾಡಿತು. ಸಹಾಯ ಬರುವ ಮುನ್ನ, ಸಾವು ಖಚಿತವೆಂದು ತಿಳಿದ ಮೇಜರ್ ಮ್ಯಾಕ್‌ಗ್ರೆಗರ್ ಎಂಬ ಅಧಿಕಾರಿ ಒಂದು ಚೀಟಿ ಬರೆದು ಸೀಸೆಯಲ್ಲಿ ಹಾಕಿದನು. ಹಡಗು ಹೊತ್ತಿ ಉರಿಯುತ್ತಿದೆ, ನಾವು ದೇವರಿಗೆ ಶರಣಾಗಿದ್ದೇವೆ ಎಂಬುದು ಅದರ ತಾತ್ಪರ್ಯ. ಬರೆದವನು ಬದುಕಿದನು, ಸೀಸೆ ಸುಮಾರು ಒಂದೂವರೆ ವರ್ಷದ ನಂತರ ಬಾರ್ಬಡೋಸ್ ದ್ವೀಪದ ದಡದಲ್ಲಿ ಸಿಕ್ಕಿತು. ಇದನ್ನು ಯಾರೂ ಸ್ಮಾರಕವೆಂದು ಮಾಡಲಿಲ್ಲ. ಆದರೂ ಬೆಂಕಿಯನ್ನು ಹೆಸರಿಟ್ಟು ಕರೆದ ಸ್ಮಾರಕ ಇದೇ. ಲೋಹದ ಮುಖಕ್ಕೆ ಆಗದ ಕೆಲಸ ಒಂದು ಹರಿದ ಕಾಗದಕ್ಕೆ ಸಾಧ್ಯವಾಯಿತು. ಏಕೆಂದರೆ ಅದಕ್ಕೆ ಅಲಂಕಾರದ ಹಂಗಿರಲಿಲ್ಲ.

೬

ಹಾಗಾದರೆ 'ವೊಲ್ಟರ್ನೋ' ಪದಕವನ್ನು ವಿಫಲಕೃತಿಯೆಂದು ತಳ್ಳಿಬಿಡಬಹುದೆ? ನಮ್ಮ ಮತದಲ್ಲಿ ಹಾಗೆ ಮಾಡುವುದು ಸರಿಯಲ್ಲ. ಪದಕಕ್ಕೆ ಎರಡು ಮುಖಗಳಷ್ಟೇ ಅಲ್ಲದೆ ಮೂರನೆಯದೊಂದು ಸ್ಥಳವಿದೆ. ಅದು ಅಂಚು, ಎಂದರೆ ಬಿಲ್ಲೆಯ ದಪ್ಪದ ಸುತ್ತು. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಪಡೆದವನ ಹೆಸರು, 'ವೊಲ್ಟರ್ನೋ' ಎಂಬ ಹಡಗಿನ ಹೆಸರು, ೧೯೧೩ರ ಅಕ್ಟೋಬರಿನ ಆ ತಾರೀಖು ಇವನ್ನು ಕೊರೆದಿದೆ. ಮುಖದ ಮೇಲೆ ರಾಜನಿಗೂ ರೂಢಿಗೂ ಸಂದ ಸ್ಥಳ ಅಂಚಿನಲ್ಲಿ ಒಬ್ಬ ಸಾಮಾನ್ಯ ನಾವಿಕನಿಗೆ ಸಂದಿದೆ. ಈ ಅಂಚಿನ ಬರಹವೇ ಪದಕದ ನಿಜವಾದ ಪಾಠವೆಂದು ನಾವು ಭಾವಿಸುತ್ತೇವೆ.

ಸಿದ್ಧವಾದ ಅಚ್ಚಿಗೂ ಒಂದು ನ್ಯಾಯವುಂಟು. 'ಕಾರ್ಪೇಥಿಯಾ' ಪದಕ ಘಟನೆಗೆ ನಿಷ್ಠವಾದದ್ದು ನಿಜ; ಆದರೆ ಅದರಲ್ಲಿ ಚಿನ್ನ, ಬೆಳ್ಳಿ, ಕಂಚುಗಳನ್ನು ಹುದ್ದೆಯ ಮೇಲೆ ಹಂಚಲಾಯಿತು. ಜಗತ್ಪ್ರಸಿದ್ಧವಾದ ದುರಂತಕ್ಕೆ ಮಾತ್ರ ಅಂತಹ ಪದಕ ಹುಟ್ಟುತ್ತದೆ. ಎಲ್ಲಿಯೋ ಹೆಸರಿಲ್ಲದ ಮೀನುದೋಣಿಯಿಂದ ಇಬ್ಬರನ್ನು ಉಳಿಸಿದವನಿಗೆ ಯಾವ ಸಮಿತಿ ಅಚ್ಚು ಕೊರೆಸೀತು? ಸರ್ಕಾರದ ಪದಕ ಅವನಿಗೂ 'ವೊಲ್ಟರ್ನೋ'ವಿಗೆ ದೋಣಿ ನಡೆಸಿದವನಿಗೂ ಒಂದೇ ಚಿತ್ರವನ್ನು ಕೊಡುತ್ತದೆ. ಚಿತ್ರ ಎಲ್ಲರದಾಗಲಿ, ಅಂಚು ಒಬ್ಬನದಾಗಲಿ ಎಂಬ ಈ ವ್ಯವಸ್ಥೆಯಲ್ಲಿ ಸಮತೆಯೂ ಇದೆ, ವ್ಯಕ್ತಿಗೌರವವೂ ಇದೆ. ಅದರಲ್ಲಿ ಇಲ್ಲದ್ದು ಉಳಿದವರ ಮತ್ತು ಅಳಿದವರ ಹೆಸರು. ಆ ಕೊರತೆಯನ್ನು ಮುಚ್ಚಿಡಲಾಗದು.

ಅಂಚಿನ ಬರಹಕ್ಕೆ ಕಾಲವೂ ಒಂದು ಅರ್ಥವನ್ನು ಕೂಡಿಸಿತು. 'ವೊಲ್ಟರ್ನೋ' ಉರಿದ ಮರುತಿಂಗಳು ಲಂಡನ್ನಿನಲ್ಲಿ ಸಮುದ್ರಸುರಕ್ಷಣೆಯ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ, ೧೯೧೪ರ ಜನವರಿ ೨೦ರಂದು ಒಪ್ಪಂದಕ್ಕೆ ಸಹಿಯಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಒಪ್ಪಂದದ ರಾಷ್ಟ್ರಗಳೇ ಪರಸ್ಪರ ಯುದ್ಧಕ್ಕೆ ಇಳಿದವು. ಸೆಪ್ಟೆಂಬರ್ ೧೪ರಂದು, ತೋಪುಗಳನ್ನು ಹೊತ್ತ 'ಕಾರ್ಮೇನಿಯಾ' ದಕ್ಷಿಣ ಅಟ್ಲಾಂಟಿಕ್‌ನಲ್ಲಿ 'ಕಾಪ್ ಟ್ರಫಾಲ್ಗರ್' ಎಂಬ ಜರ್ಮನ್ ಹಡಗನ್ನು ಮುಳುಗಿಸಿತು. ನ್ಯೂಯಾರ್ಕಿನಲ್ಲಿ ಸಿಕ್ಕಿಕೊಂಡಿದ್ದ 'ಗ್ರೋಸರ್ ಕುರ್‌ಫ್ಯೂರ್ಸ್ಟ್' ೧೯೧೭ರಲ್ಲಿ ಅಮೆರಿಕದ ವಶವಾಗಿ 'ಈಯೋಲಸ್' ಎಂಬ ಹೊಸ ಹೆಸರಿನಲ್ಲಿ ಸೈನ್ಯವನ್ನು ಸಾಗಿಸಿತು. ಒಂದು ರಾತ್ರಿ ಒಂದೇ ಉರಿಯ ಸುತ್ತ ನಿಂತು ಬೆಳಗಾಗುವುದನ್ನು ಕಾದ ಹಡಗುಗಳಿಗೆ ಒದಗಿದ ಗತಿ ಇದು. ಜರ್ಮನ್ ನಾವಿಕರಿಗೆ ಸಂದ ಪದಕಗಳ ಮೇಲೆ ಶತ್ರುವಾಗಿಹೋದ ರಾಜನ ತಲೆ. ಮುಖವನ್ನಷ್ಟೇ ನೋಡುವವನಿಗೆ ಅದು ಪರರಾಜ್ಯದ ಬಿರುದು. ಅಂಚನ್ನು ಓದುವವನಿಗೆ, ದೇಶವನ್ನು ಕೇಳದೆ ಮನುಷ್ಯನು ಮನುಷ್ಯನನ್ನು ಎತ್ತಿಕೊಂಡ ಒಂದು ದಿನದ ದಾಖಲೆ. ರಾಜಕೀಯ ಮುಖವನ್ನು ಸುಳ್ಳಾಗಿಸಬಲ್ಲುದು. ಅಂಚಿನಲ್ಲಿರುವ ಹೆಸರನ್ನೂ ತಾರೀಖನ್ನೂ ಸುಳ್ಳಾಗಿಸಲಾರದು.

ಈ ವಿಮರ್ಶೆಯಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಪ್ರಯೋಜನವುಂಟೆಂದು ನಂಬಿದ್ದೇವೆ. ವಸ್ತುಸಂಗ್ರಹಾಲಯಗಳಲ್ಲಿ ಪದಕಗಳನ್ನು ಮಖಮಲ್ಲಿನ ಮೇಲೆ ಅಂಗಾತವಾಗಿ ಇಡುವುದು ರೂಢಿ. ಪುಸ್ತಕಗಳಲ್ಲಿ ಎರಡು ಮುಖಗಳ ಪಟಗಳನ್ನು ಮಾತ್ರ ಅಚ್ಚುಹಾಕುವುದು ರೂಢಿ. ಎರಡರಲ್ಲಿಯೂ ಅಂಚು ಮರೆಯಾಗುತ್ತದೆ. ಎದೆಯ ಮೇಲೆ ಧರಿಸಿದಾಗಲೂ ಕಾಣುವುದು ಮುಖವೇ. ಅಂಚನ್ನು ಓದಬೇಕಾದರೆ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಬೇಕು. ಸ್ಮಾರಕವನ್ನು ಆಧಾರವಾಗಿ ಬಳಸುವ ಸಂಶೋಧಕನು ಅದು ಏನನ್ನು ತೋರಿಸುತ್ತದೆ ಎಂದು ಕೇಳುವುದರ ಜೊತೆಗೆ, ಅದನ್ನು ಕೊಟ್ಟವರಾರು, ಕೊಡಲಾಗದೆ ಹೋದವರಾರು, ವಿವರ ಎಲ್ಲಿ ಅಡಗಿದೆ ಎಂದೂ ಕೇಳಬೇಕು. ಪದಕಗಳ ಪಟ್ಟಿಯನ್ನು ಸಿದ್ಧಪಡಿಸುವವರು ಅಂಚಿನ ಬರಹವನ್ನು ತಪ್ಪದೆ ಪ್ರತಿಮಾಡಿಕೊಳ್ಳತಕ್ಕದ್ದು. 'ವೊಲ್ಟರ್ನೋ' ಪದಕದ ಮುಖದಲ್ಲಿ ಉರಿಯಿಲ್ಲವೆಂಬುದು ದೋಷವೇ ಸರಿ. ಆದರೆ ಆ ಉರಿಗೆ ಎದುರಾಗಿ ಹೋದವನ ಹೆಸರು ಅದರ ಅಂಚಿನಲ್ಲಿ ಇಂದಿಗೂ ಓದಲು ದೊರೆಯುತ್ತದೆ.